ತೆಂಕಲಿಗೆ ಬಿದ್ದ ನೆರಳು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಈ ಗಾದೆ ಕಟ್ಟಿದ ಪುಣ್ಯಾತ್ಮರು ಯಾವ ಮಾತು ಅಂತ ಹೇಳದೆ ಬಿಟ್ಟರು. ಸುಳ್ಳಾಡಿ ಕೆಟ್ಟವರನ್ನು ನಾವೆಲ್ಲ ಬೇಕಾದಷ್ಟು ಕಂಡಿದ್ದೇವೆ. ನೇತ್ರಾವತಿ ಆಡಿದ್ದು ನಿಜ. ಅಳತೆ ಹಾಕಿ, ಲೆಕ್ಕ ಮಾಡಿ, ಮೇಷ್ಟ್ರ ಹತ್ತಿರ ತಿದ್ದಿಸಿಕೊಂಡು ಬಂದು ಆಡಿದ ನಿಜ. ಅದೂ ಯಾರಿಗೆ? ತನ್ನನ್ನು ಹೆಗಲ ಮೇಲೆ ಹೊತ್ತು ಸಾಕಿದ ಅಜ್ಜನಿಗೆ.

ಹರಿಹರದಿಂದ ಸಾರಥಿಗೆ ಹೋಗುವ ಬಸ್ಸು ಭತ್ತದ ಗದ್ದೆಗಳ ನಡುವೆ ಹಾದು ಊರಬಾಗಿಲಲ್ಲಿ ನಿಲ್ಲುತ್ತದಲ್ಲ, ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಬೊಮ್ಮಣ್ಣನ ಮನೆ. ಬೊಮ್ಮಣ್ಣ ಅಂದರೆ ನೇತ್ರಾವತಿಯ ಅಪ್ಪನ ಅಪ್ಪ. ಅಪ್ಪ ಹರಿಹರದ ಅಕ್ಕಿ ಗಿರಣಿಯಲ್ಲಿ ಹಮಾಲಿ, ಬೆಳಗ್ಗೆ ಹೋದರೆ ಸಂಜೆ ಮೈತುಂಬ ತೌಡು ಮೆತ್ತಿಕೊಂಡು ಬರುವವನು, ಮಾತು ಕಡಿಮೆ. ಅವ್ವ ಮೈಲಮ್ಮ. ಇದ್ದ ಒಬ್ಬಳೇ ಮಗಳನ್ನು ಓದಿಸಿದ್ದು ಅಜ್ಜನ ಹಟ. ಡಿಗ್ರಿ ಮುಗಿಸಿ ದಾವಣಗೆರೆಯ ವಿಶ್ವವಿದ್ಯಾಲಯಕ್ಕೆ ಎಂಎಸ್ಸಿ ಸೇರುವ ದಿನ ಅಜ್ಜನೇ ಜೊತೆಗೆ ಬಂದಿದ್ದ. ಯಾವ ಸಬ್ಜೆಕ್ಟು ಯಜಮಾನ್ರೇ ಅಂತ ಆಫೀಸಿನವರು ಕೇಳಿದಾಗ ಫಿಸಿಕ್ಸ್ ಅನ್ನುವುದು ಬಾಯಿಗೆ ಬಾರದೆ, "ಆಕಾಶ ಓದ್ತಾಳ್ರಿ ಸಾಹೇಬ್ರ, ಆಕಾಶ" ಅಂದುಬಿಟ್ಟಿದ್ದ. ಊರಿಗೆ ಬಂದ ಮೇಲೆ ಅರಳಿಕಟ್ಟೆಯಲ್ಲೂ ಅದನ್ನೇ ಹೇಳಿದ. ಹಾಗಾಗಿ ಸಾರಥಿಯಲ್ಲಿ ಎಲ್ಲರಿಗೂ ನೇತ್ರಾವತಿ ಆಕಾಶ ಓದುವ ಹುಡುಗಿ.

ಅದು ಪೂರ್ತಿ ಸುಳ್ಳೂ ಅಲ್ಲ. ವಿಭಾಗದಲ್ಲಿ ವಿದ್ಯಾರ್ಥಿಗಳದೇ ಒಂದು ಭೌತ ಮತ್ತು ಖಗೋಳ ಸಂಘ ಇತ್ತು. ಬೋರ್ಡಿನ ಮೇಲೆ ಅಷ್ಟುದ್ದದ ಹೆಸರು, ಬಾಯಲ್ಲಿ ಮಾತ್ರ 'ಚುಕ್ಕಿ ಸಂಘ'. ಅಧ್ಯಕ್ಷ ಬಕ್ಕೇಶ್. ಕೆ.ಬಿ. ಬಡಾವಣೆಯಲ್ಲಿ ಅವರಪ್ಪನ ಬಟ್ಟೆ ಅಂಗಡಿ. ಹುಡುಗ ಒಳ್ಳೆಯವನು, ನಾಲಿಗೆ ಸ್ವಲ್ಪ ಉದ್ದ. ಕಾರ್ಯದರ್ಶಿ ನೇತ್ರಾವತಿ. ಅಧ್ಯಕ್ಷ ಭಾಷಣ ಮಾಡುವುದು, ಕಾರ್ಯದರ್ಶಿ ಬೆಂಚು ಎತ್ತುವುದು ನಮ್ಮ ನಾಡಿನ ಎಲ್ಲ ಸಂಘಗಳ ಪದ್ಧತಿಯಲ್ಲವೇ, ಇಲ್ಲೂ ಹಾಗೆಯೇ. ಗುರುವಾರ ಒಂದು ಉಪನ್ಯಾಸ. ಅದಕ್ಕೆ ಐದಾರು ಜನ, ಮಂಡಕ್ಕಿ-ಮಿರ್ಚಿ ಐತೆ ಅಂತ ಗೊತ್ತಾದರೆ ಮೂವತ್ತು ಜನ. ಚಳಿಗಾಲದ ಸಂಜೆ ದೂರದರ್ಶಕವನ್ನು ಆಟೋದಲ್ಲಿ ಹಾಕಿಕೊಂಡು ಪಾರ್ಕಿಗೆ ಹೋಗಿ ವಾಕಿಂಗ್ ಬಂದವರಿಗೆ ಶನಿಯ ಉಂಗುರ ತೋರಿಸುವುದು. "ಶನಿ ನೋಡಿದ್ರೆ ಕಾಟ ಶುರು ಆಗಲ್ಲ ತಾನೆ?" ಅಂತ ಕೇಳಿ, ಕಣ್ಣಿಟ್ಟು ನೋಡಿ, ನೋಡಿದ ಮೇಲೆ ಹುಡುಗರಂತೆ ಕುಣಿದವರೂ ಇದ್ದರು. ಸಂಘಕ್ಕೆ ಮಾರ್ಗದರ್ಶಕರು ರುದ್ರಮುನಿ ಸರ್. ನಿವೃತ್ತಿಯ ಹತ್ತಿರ ಇದ್ದವರು, ಮೆತ್ತಗಿನ ದನಿ.

ಆ ವರ್ಷ ಏಪ್ರಿಲ್ ಕೊನೆಗೆ ಶೂನ್ಯ ನೆರಳಿನ ದಿನ ಬಂತು. ನಮ್ಮ ಕಡೆ ವರ್ಷಕ್ಕೆ ಎರಡು ಸಲ ಮಟಮಟ ಮಧ್ಯಾಹ್ನದ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವೆ ಇನ್ನೊಮ್ಮೆ. ಆಗ ನೆಟ್ಟಗೆ ನಿಂತ ಕಂಬಕ್ಕೂ ಮನುಷ್ಯನಿಗೂ ನೆರಳು ಆಚೀಚೆ ಬೀಳುವುದಿಲ್ಲ, ಬುಡದಲ್ಲೇ ಅಡಗುತ್ತದೆ. ಪ್ರತಿ ವರ್ಷ ಇದನ್ನು ಕ್ಯಾಂಪಸ್ಸಿನಲ್ಲೇ ಮಾಡಿ ಫೋಟೋ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಈ ಸಲ ನೇತ್ರಾವತಿ, "ನಮ್ಮೂರಿಗೆ ಹೋಗೋಣ ಸರ್, ಅಲ್ಲಿ ಯಾರೂ ಇದನ್ನ ನೋಡಿಲ್ಲ" ಅಂದಳು. ಸರ್ ಆಗಲಿ ಅಂದರು.

ಊರ ಶಾಲೆಯ ಅಂಗಳದಲ್ಲಿ ಸುಣ್ಣದಲ್ಲಿ ಒಂದು ದೊಡ್ಡ ವೃತ್ತ ಬರೆದರು. ನಡುವೆ ಒಂದು ನೀರಿನ ಪೈಪಿನ ತುಂಡು, ಪಕ್ಕದಲ್ಲಿ ಒಂದು ಹಿತ್ತಾಳೆ ಚೊಂಬು. ಶಾಲೆಗೆ ರಜೆ ಇದ್ದರೂ ಮಕ್ಕಳೆಲ್ಲ ಬಂದಿದ್ದವು, ಬೇವಿನ ಮರದ ಕೆಳಗೆ ಹಿರಿಯರು ಕೂತಿದ್ದರು. ಪೈಪನ್ನು ಯಾರು ನೋಡುತ್ತಾರೆ, ಮನುಷ್ಯನನ್ನು ನಿಲ್ಲಿಸಿದರೆ ಮಜಾ ಅಂದವನು ಬಕ್ಕೇಶ್. ಯಾರನ್ನು ನಿಲ್ಲಿಸುವುದು ಅಂತ ಯೋಚಿಸುವ ಮೊದಲೇ ನೇತ್ರಾವತಿ ಅಜ್ಜನ ಕೈ ಹಿಡಿದು ಎಬ್ಬಿಸಿದ್ದಳು. ಎಂಬತ್ತು ದಾಟಿದ್ದರೂ ಬೆನ್ನು ಬಾಗದ ಮನುಷ್ಯ.

"ನೆಟ್ಟಗ ನಿಂದ್ರು ಅಜ್ಜ, ಅಲುಗಾಡಬ್ಯಾಡ."

"ಮಿಲಿಟ್ರಿಯವರಂಗೆ ನಿಂತೀನಿ ನೋಡು," ಅಂದ ಅಜ್ಜ. ಎಲ್ಲರೂ ನಕ್ಕರು.

ಹನ್ನೆರಡೂವರೆ ಆಗುವುದರೊಳಗೆ ನೆರಳು ಕುಗ್ಗುತ್ತ ಕುಗ್ಗುತ್ತ ಬೊಮ್ಮಣ್ಣನ ಪಾದದ ಕೆಳಗೆ ಸೇರಿಹೋಯಿತು. "ಹೋತು! ಬೊಮ್ಮಜ್ಜನ ನೆರಳು ಹೋತು!" ಅಂತ ಮಕ್ಕಳು ಕಿರುಚಿದವು. ಚಪ್ಪಾಳೆ ಬಿತ್ತು. ಬಕ್ಕೇಶ್ ಫೋಟೋ ಹೊಡೆದ. ಅಜ್ಜ ಮಾತ್ರ ತಲೆ ತಗ್ಗಿಸಿ ತನ್ನ ಕಾಲು ನೋಡುತ್ತ ನಿಂತಿದ್ದ. ಹಿಂದೆ ನೋಡಿದ, ಮುಂದೆ ನೋಡಿದ.

"ಮತ್ತೆ ಬರ್ತೈತೇನವ್ವ?" ಅಂತ ಕೇಳಿದ.

ನೇತ್ರಾವತಿ ಈ ಪ್ರಶ್ನೆಗೇ ಕಾಯುತ್ತಿದ್ದಳು. ಮೈಕು ಬಾಯಿಗೆ ಹಿಡಿದು, ಊರಿಗೆಲ್ಲ ಕೇಳುವ ಹಾಗೆ ಹೇಳಿದಳು: "ಬರ್ತೈತಜ್ಜ. ಆದ್ರೆ ಇಷ್ಟು ದಿನ ಮಧ್ಯಾಹ್ನದಾಗೆ ನಿನ್ನ ನೆರಳು ಬಡಗ್ಲಾಗೆ ಬೀಳ್ತಿತ್ತು. ನಾಳೆಯಿಂದ ನೋಡು, ತೆಂಕ್ಲಾಗೆ ಬೀಳ್ತೈತೆ."

ಇಷ್ಟೇ ಅವಳು ಆಡಿದ ಮಾತು. ಒಂದಕ್ಷರ ತಪ್ಪಿಲ್ಲ. ಬೇವಿನ ಮರದ ಕೆಳಗಿದ್ದ ಹಿರಿಯರು ಮಾತ್ರ ಚಪ್ಪಾಳೆ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಘದವರು ಅದನ್ನು ಗಮನಿಸಲಿಲ್ಲ. ಮೈಲಮ್ಮ ಕೊಟ್ಟ ಮಜ್ಜಿಗೆ ಕುಡಿದು ವ್ಯಾನು ಹತ್ತಿದರು.

ಆ ಹಿರಿಯರಿಗೆ ಗೊತ್ತಿದ್ದದ್ದು ಏನಪ್ಪಾ ಅಂದರೆ, ತನ್ನ ನೆರಳು ತನಗೆ ಕಾಣದ ಮನುಷ್ಯನಿಗೆ ಉಳಿದದ್ದು ಆರು ತಿಂಗಳು. ಬೊಮ್ಮಣ್ಣನಿಗೆ ಅವರಪ್ಪ ಹೇಳಿದ್ದು, ಅವರಪ್ಪನಿಗೆ ಅವರಜ್ಜ. ಇನ್ನು ತೆಂಕಲು ಯಾರ ದಿಕ್ಕು ಅಂತ ಕೂಸಿಗೂ ಗೊತ್ತು. ಊಟಕ್ಕೆ ಕೂತಾಗ ಆ ಕಡೆ ಮುಖ ಮಾಡಿದರೆ, "ಯಮನ ಕಡೆ ಯಾಕ ಕೂಡ್ತಿ, ತಿರುಗು" ಅಂತ ಇದೇ ಅಜ್ಜ ಇದೇ ನೇತ್ರಾವತಿಯ ತಲೆಗೆ ಮೊಟಕಿದ್ದುಂಟು. ಅವಳಿಗೆ ಆ ಹೊತ್ತಿನಲ್ಲಿ ಅದು ನೆನಪಾಗಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತ ಸುಮ್ಮನೆ ಹೇಳಿಲ್ಲ.

ವಾರ ಕಳೆದ ಮೇಲೆ ಮೈಲಮ್ಮನ ಫೋನು ಬಂತು. ದೇವರಾಜ ಅರಸು ಬಡಾವಣೆಯ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ನೇತ್ರಾವತಿ ಮಾತಾಡಿದಳು.

"ನಿಮ್ಮಜ್ಜ ಗುಳಿಗಿ ನುಂಗಾದು ಬಿಟ್ಟಾರೆ ಕಣೆ," ಅಂದಳು ಅವ್ವ. "ದಿನ ಗೊತ್ತಾದ ಮ್ಯಾಲೆ ಗುಳಿಗಿ ಯಾಕ ಅಂತಾರೆ."

"ಯಾವ ದಿನ?"

"ನೀನೇ ಹೇಳಿದ್ಯಲ್ಲೇ ತಾಯಿ, ಮೈಕ್‌ನಾಗೆ!"

ಅವು ಬಿಪಿ ಗುಳಿಗೆಗಳು. ಹತ್ತು ವರ್ಷದಿಂದ ನುಂಗುತ್ತಿದ್ದ. ಒಂದು ದಿನ ತಪ್ಪಿಸಿದರೂ ಲಕ್ವ ಹೊಡೆಯುತ್ತದೆ ಅಂತ ಹರಿಹರದ ಡಾಕ್ಟರು ಬೆರಳು ತೋರಿಸಿ ಹೇಳಿದ್ದರು. ಆ ಮಾತಿಗೆ ಹೆದರಿ ಅಜ್ಜ ಹಬ್ಬದ ದಿನವೂ ಬಿಟ್ಟವನಲ್ಲ. ಈಗ ಹೆದರಿಕೆ ಹೋಗಿತ್ತು. ಸಾಯುವುದು ನಿಕ್ಕಿಯಾದವನಿಗೆ ಯಾವ ಲಕ್ವ?

ಅದೇ ಸಂಜೆ ನೇತ್ರಾವತಿ ಊರಿಗೆ ಓಡಿದಳು. ಅಜ್ಜ ಹೆದರಿ ಮೂಲೆಯಲ್ಲಿ ಮಲಗಿರುತ್ತಾನೆ ಅಂದುಕೊಂಡಿದ್ದಳು. ಅವನೋ, ಮದುವೆ ಗೊತ್ತಾದ ಮನೆಯ ಯಜಮಾನನಂತೆ ಓಡಾಡುತ್ತಿದ್ದ. ಹೊಸ ರುಮಾಲು ತಂದಿದ್ದ. ಹರಿಹರಕ್ಕೆ ಹೋಗಿ ಸ್ಟುಡಿಯೋದಲ್ಲಿ ಫೋಟೋ ತೆಗೆಸಿ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದಿದ್ದ. ಬದುವಿನ ಜಗಳದಲ್ಲಿ ಹತ್ತಾರು ವರ್ಷದಿಂದ ಮಾತು ಬಿಟ್ಟಿದ್ದ ಇಮಾಮ್ ಸಾಬರ ಮನೆಗೆ ತಾನೇ ಹೋಗಿ ಚಾ ಕುಡಿದು ಬಂದಿದ್ದ.

"ಫೋಟೋ ಹೆಂಗೆ ಬಂದೈತೆ ನೋಡು," ಅಂತ ಸುತ್ತಿದ್ದ ಬಟ್ಟೆ ಬಿಚ್ಚಿ ತೋರಿಸಿದ. "ಸತ್ತ ಮ್ಯಾಲೆ ಆಧಾರ್ ಕಾರ್ಡಿನ ಫೋಟೋ ಹಿಗ್ಗಿಸಿ ಹಾಕ್ತಾರೆ, ಕಳ್ಳನಂಗೆ ಕಾಣ್ತೀವಿ. ಇದು ಚಂದ ಐತೆ."

"ಅಜ್ಜ, ನಿನಗೆ ಏನೂ ಆಗಲ್ಲ. ಅದು ಸೂರ್ಯ ನೆತ್ತಿ ಮ್ಯಾಲೆ ಬಂದಿದ್ದಕ್ಕೆ ಹಂಗಾಗಿದ್ದು. ಅವತ್ತು ಎಲ್ರಿಗೂ ನೆರಳು ಹೋಗಿತ್ತು. ಬಕ್ಕೇಶಂದೂ ಹೋಗಿತ್ತು."

"ಎಲ್ರೂ ಸಾಯೋರೇ ಅಲ್ಲೇನವ್ವ? ಆ ಹುಡುಗ ಇನ್ನೂ ಸಣ್ಣಾವ, ಅವನ ಲೆಕ್ಕ ಬ್ಯಾರೆ. ನನ್ನನ್ನೇ ನಡುಮಧ್ಯ ನಿಲ್ಲಿಸಿ ತೋರಿಸಿದ್ದು ಯಾಕ?"

ಅವಳು ನಿಂಬೆಹಣ್ಣು ತಂದಳು, ಮೊಬೈಲಿನ ಬೆಳಕು ಹಿಡಿದಳು, ಕಡ್ಡಿ ಚುಚ್ಚಿ ತಿರುಗಿಸಿ ತೋರಿಸಿದಳು. ಅಜ್ಜ ಪ್ರೀತಿಯಿಂದ ನೋಡಿದ. ನಡುನಡುವೆ ಹೂಂಗುಟ್ಟಿದ. ಕೊನೆಗೆ, "ಅಬ್ಬಾ, ಎಷ್ಟು ಓದಿಬಿಟ್ಟಿ!" ಅಂದ. ಮಾರನೆಯ ದಿನ ಅವಳು ಬಸ್ಸಿಗೆ ಕಾಯುತ್ತಿದ್ದಾಗ ಅರಳಿಕಟ್ಟೆಯ ಕಡೆಯಿಂದ ಅವನ ದನಿ ಕೇಳಿಸಿತು. "ನನ್ನ ಮೊಮ್ಮಗಳು ಓದಿದ್ದು ದಂಡ ಆಗ್ಲಿಲ್ಲ ನೋಡ್ರಪ್ಪ. ಯಾವ ಶಾಸ್ತ್ರದಯ್ಯನೂ ಬಾಯಿ ಬಿಟ್ಟು ಹೇಳಲ್ಲ. ನನ್ನ ಕೂಸು ಧೈರ್ಯವಾಗಿ ಹೇಳ್ತು. ಇಲ್ದಿದ್ರೆ ಇಮಾಮ್ ಸಾಬ್ರ ಸಂಗಡ ಜಗಳ ಇಟ್ಕೊಂಡೇ ಹೋಗ್ತಿದ್ದೆ."

ಅವನಿಗೆ ಸಾವಿನ ಭಯವಿರಲಿಲ್ಲ, ಅವಳ ಮೇಲೆ ಹೆಮ್ಮೆ ಇತ್ತು. ಭಯವಾಗಿದ್ದರೆ ಹೇಗಾದರೂ ಬಿಡಿಸಬಹುದಿತ್ತು. ಹೆಮ್ಮೆಯನ್ನು ಬಿಡಿಸುವುದು ಹೇಗೆ?

ಮೈಲಮ್ಮ ಒಲೆಯ ಮುಂದೆ ಕೂತು ಒಂದು ದಾರಿ ಹೇಳಿಕೊಟ್ಟಿದ್ದಳು. "ನನ್ನ ಲೆಕ್ಕ ತಪ್ಪಿತ್ತು ಅಜ್ಜ ಅನ್ನು. ಮುಗೀತು." ಮಾತು ಸಣ್ಣದು. ಆದರೆ ಅದನ್ನು ಹೇಳಲು ನೇತ್ರಾವತಿ ಎರಡು ಸಲ ಊರಿಗೆ ಬಂದು ಎರಡು ಸಲವೂ ಹೇಳದೆ ಹಿಂದಿರುಗಿದಳು. ಯಾಕೆ ಅಂದರೆ, ಇದ್ದದ್ದನ್ನು ಇದ್ದ ಹಾಗೆ ಹೇಳುವುದಾದರೆ, ಜಂಬ. ಆ ಲೆಕ್ಕ ಅವಳು ಅದುವರೆಗೆ ಮಾಡಿದ ಲೆಕ್ಕಗಳಲ್ಲೇ ಚೊಕ್ಕವಾದದ್ದು. ನೆರಳು ಹೋಗುವ ನಿಮಿಷವನ್ನು ಅವಳು ಮೊದಲೇ ಬರೆದುಕೊಟ್ಟಿದ್ದಳು, ಅದೇ ನಿಮಿಷಕ್ಕೆ ಹೋಗಿತ್ತು. ರುದ್ರಮುನಿ ಸರ್ ವ್ಯಾನಿನಲ್ಲಿ ಅವಳ ಬೆನ್ನು ತಟ್ಟಿದ್ದರು. ಅಂಥ ಲೆಕ್ಕವನ್ನು ತಪ್ಪು ಅನ್ನಲು ನಾಲಿಗೆ ಏಳಲಿಲ್ಲ.

ಜೂನ್ ಮಧ್ಯದ ಹೊತ್ತಿಗೆ ಅಜ್ಜನ ಮುಖ ಊದಿತ್ತು, ಬೆಳಗ್ಗೆ ಎದ್ದರೆ ತಲೆಸುತ್ತು. ಅಂತೂ ಮೂರನೆಯ ಸಲ ಬಂದಾಗ ಅವನ ಕಾಲ ಬಳಿ ಕೂತು ಹೇಳಿಯೇಬಿಟ್ಟಳು. "ಅಜ್ಜ, ನನ್ನ ಲೆಕ್ಕ ತಪ್ಪಿತ್ತು. ಸರ್ ಬೈದ್ರು."

ಅಜ್ಜ ಹಲ್ಲಿಲ್ಲದ ಬಾಯಿ ತೆರೆದು ಗಹಗಹಿಸಿ ನಕ್ಕ. "ಸುಳ್ಳು ಹೇಳಾಕೂ ಬರಲ್ಲ ನಿನಗೆ. ಮುಖ ನೋಡು, ಹೆಂಗಾಗೈತೆ! ದಿನಾ ಮಧ್ಯಾಹ್ನ ಅಂಗಳದಾಗೆ ನಿಂತು ನೋಡ್ತೀನಿ ಕಣವ್ವ. ನೀ ಹೇಳಿದಂಗೇ ನೋಡು, ತೆಂಕ್ಲಾಗೇ ಬಿದ್ದೈತೆ. ಒಂದಿನ ತಪ್ಪಿಲ್ಲ. ನನ್ನ ಕೂಸಿನ ಲೆಕ್ಕ ತಪ್ಪೋ ಅಂಥದ್ದಲ್ಲ."

ಎಂಬತ್ತು ವರ್ಷ ಆ ನೆರಳು ಪ್ರತಿ ಬೇಸಿಗೆಯೂ ತೆಂಕಲಿಗೇ ಬಿದ್ದಿತ್ತು. ಅವನು ನೋಡಿರಲಿಲ್ಲ, ಅಷ್ಟೇ. ನೋಡು ಅಂತ ಹೇಳಿದವಳು ಇವಳು.

ಆಮೇಲೆ ಮೈಲಮ್ಮ ತನ್ನ ದಾರಿ ಹಿಡಿದಳು. ಗುಳಿಗೆ ಅರೆದು ಸಾರಿನಲ್ಲಿ ಕಲಸಿದಳು. ಎರಡು ದಿನ ನಡೆಯಿತು. ಮೂರನೆಯ ದಿನ ಅಜ್ಜ ನಾಲಿಗೆ ಚಪ್ಪರಿಸಿ, ಗಂಗಾಳ ಸರಿಸಿ, "ಬ್ಯಾಡ ಮೈಲವ್ವ, ಸೊಸಿ ಮಾವಗೆ ಸಾರಿನಾಗೆ ಏನೋ ಹಾಕಿದ್ಲು ಅಂತ ನಾಳೆ ನಿನಗೇ ಕೆಟ್ಟ ಹೆಸರು" ಅಂದ. ಮತ್ತೆ ನಾಲ್ಕು ದಿನ ಪಕ್ಕದ ಮನೆಯ ಅಂಜಿನವ್ವನ ಹತ್ತಿರ ಮುದ್ದೆ ಕೇಳಿ ಉಂಡ. ಅಂಜಿನವ್ವ ಅವನ ವಾರಿಗೆಯ ಮುದುಕಿ, ಗಂಡ ತೀರಿದ ಮೇಲೆ ಒಬ್ಬಳೇ ಇದ್ದವಳು. ಅವಳೂ ಅವನಿಗೆ ಬುದ್ಧಿ ಹೇಳಲಿಲ್ಲ. "ಹೋಗೋ ಮನುಷ್ಯಾಗೆ ಯಾಕ ಕಹಿ ತಿನ್ನಿಸ್ತಿ?" ಅಂತ ಮೈಲಮ್ಮನಿಗೇ ಕೇಳಿದಳಂತೆ.

ಇತ್ತ ದಾವಣಗೆರೆಯಲ್ಲಿ ನೇತ್ರಾವತಿ ಪರೀಕ್ಷೆ ಬರೆದಳು, ಪ್ರಾಜೆಕ್ಟ್ ಮಾಡಿದಳು, ಗುರುವಾರದ ಉಪನ್ಯಾಸಕ್ಕೆ ಬೆಂಚು ಹಾಕಿದಳು. ಯಾರು ಕೇಳಿದರೂ ಚೆನ್ನಾಗಿದ್ದೀನಿ ಅಂದಳು. ಅಳು ಬರಲಿಲ್ಲ, ಸಿಟ್ಟು ಬರಲಿಲ್ಲ, ಹಸಿವು ಕೂಡ ಬರಲಿಲ್ಲ. ಊಟದ ಗಂಟೆ ಹೊಡೆದರೆ ಉಣ್ಣುತ್ತಿದ್ದಳು. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಅವಳಿಗೆ ಒಳಗೆಲ್ಲ ಹಾಗಾಗಿತ್ತು. ರೂಮಿನಲ್ಲಿ ಜೊತೆಗಿದ್ದ ಯಾಸ್ಮೀನ್, "ಏನಾಗೈತೆ ನೇತ್ರಾ, ಹೇಳೇ" ಅಂತ ಗಲ್ಲ ಹಿಡಿದು ಕೇಳಿದಳು. ಹೇಳಲು ಏನಿತ್ತು? ನಮ್ಮಜ್ಜನಿಗೆ ಬರೋಬ್ಬರಿ ಲೆಕ್ಕ ಹೇಳಿದೆ ಅನ್ನಬೇಕೇ? "ಏನಿಲ್ಲ, ನಿದ್ದೆ" ಅಂದಳು.

ಒಂದೇ ಒಂದು ಆಸೆ ಉಳಿದಿತ್ತು, ಆಗಸ್ಟ್. ಎರಡನೆಯ ಶೂನ್ಯ ನೆರಳಿನ ದಿನ. ಅವತ್ತು ಮತ್ತೆ ನೆರಳು ಕಾಲಡಿ ಬರುತ್ತದೆ, ಮರುದಿನದಿಂದ ಬಡಗಲಿಗೆ ತಿರುಗುತ್ತದೆ. ಅಜ್ಜನನ್ನು ಮತ್ತೆ ಅದೇ ವೃತ್ತದಲ್ಲಿ ನಿಲ್ಲಿಸಿ, ನೋಡಜ್ಜ, ಹೋಗಿದ್ದು ಬಂತು, ಯಮನ ದಿಕ್ಕು ಬಿಟ್ಟು ಬಂತು, ಇನ್ನು ಗುಳಿಗೆ ನುಂಗು ಅನ್ನಬಹುದು. ವಿಜ್ಞಾನದ ಮಾತೇ ಅಲ್ಲ ಅದು. ಆದರೆ ಅಜ್ಜ ನಂಬುವುದು ಅವನ ಕಣ್ಣನ್ನು ಮತ್ತು ಅವಳ ಬಾಯನ್ನು. ಎರಡೂ ಒಂದೇ ಕಡೆ ಸೇರಿದರೆ ಕೆಲಸವಾಗುತ್ತದೆ ಅಂತ ಅವಳು ನಂಬಿದ್ದಳು.

"ಆಗಸ್ಟ್‌ನಲ್ಲಿ ಮೋಡ ಇರುತ್ತಮ್ಮ," ಅಂದರು ರುದ್ರಮುನಿ ಸರ್. "ಅದಕ್ಕೇ ನಾವು ಎರಡನೆಯದನ್ನ ಮಾಡೋದೇ ಇಲ್ಲ."

"ಮಾಡೋಣ ಸರ್," ಅಂದಳು. ಎಲ್ಲ ವಿಷಯ ಅವತ್ತು ಹೇಳಿದಳು, ಪಠ್ಯ ಓದಿದ ಹಾಗೆ, ದನಿ ಏರಿಳಿಯದೆ. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಬಕ್ಕೇಶ್ ಅಲ್ಲೇ ಇದ್ದ. ಈ ಸಲ ಸುಣ್ಣದ ಚೀಲ ನಾನೇ ಹೊರ್ತೀನಿ ಅಂದ.

ಆಗಸ್ಟಿನ ಆ ದಿನ ಯಾರೂ ಕರೆಯದಿದ್ದರೂ ಅಜ್ಜ ಶಾಲೆಯ ಅಂಗಳಕ್ಕೆ ಬಂದ. ಹೊಸ ರುಮಾಲು ಸುತ್ತಿದ್ದ. ನಡೆಯುವಾಗ ಬಲಗಾಲು ಸ್ವಲ್ಪ ಎಳೆಯುತ್ತಿದ್ದ. ವೃತ್ತದ ನಡುವೆ ತಾನೇ ಹೋಗಿ ನಿಂತ. ಆಕಾಶ ಮುಚ್ಚಿತ್ತು. ಗದ್ದೆಗಳಲ್ಲಿ ನಾಟಿ ನಡೆದಿತ್ತು, ಹೆಂಗಸರ ಹಾಡು ಕೇಳುತ್ತಿತ್ತು, ತಣ್ಣನೆ ಗಾಳಿ ಬೀಸುತ್ತಿತ್ತು. ಹನ್ನೆರಡಾಯಿತು. ಹನ್ನೆರಡೂವರೆ ಆಯಿತು. ಯಾವ ಕಂಬಕ್ಕೂ, ಚೊಂಬಿಗೂ, ಯಾವ ಹುಡುಗನಿಗೂ ಒಂದು ಚೂರು ನೆರಳಿಲ್ಲ. ನೇತ್ರಾವತಿ ಮೋಡ ನೋಡುತ್ತ ನಿಂತಳು. ಒಂದು ನಿಮಿಷ ಬಾರೋ ಮಹಾರಾಯ, ಒಂದೇ ನಿಮಿಷ ಅಂತ ಒಳಗೊಳಗೆ ಬೇಡಿಕೊಂಡಳು. ಎಂಎಸ್ಸಿ ಓದಿದ ಹುಡುಗಿ ಸೂರ್ಯನಿಗೆ ಹರಕೆ ಹೊತ್ತಳು ಅಂದರೆ ನಗಬೇಡಿ.

ಒಂದು ಗಂಟೆಗೆ ಅಜ್ಜನೇ ವೃತ್ತದಿಂದ ಈಚೆ ಬಂದ. "ಬಿಡವ್ವ, ಎಷ್ಟೊತ್ತು ನಿಂದ್ರಿಸ್ತಿ ಮಂದೀನ. ಅವನೂ ಮುಖ ಮುಚ್ಕೊಂಡಾನೆ."

ರುದ್ರಮುನಿ ಸರ್ ಹತ್ತಿರ ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ಬೊಮ್ಮಣ್ಣಾರೆ, ನಾನು ಇವಳ ಮೇಷ್ಟ್ರು. ನನ್ನ ಮಾತು ಕೇಳ್ರಿ. ಗುಳಿಗೆ ತಗೊಳ್ರಿ."

"ಆತ್ರಿ ಸರ್, ನೀವು ಹೇಳಿದ ಮ್ಯಾಲೆ," ಅಂದ ಅಜ್ಜ ವಿನಯದಿಂದ. ತಗೊಳ್ಳಲಿಲ್ಲ.

ಅಂದು ಸಂಜೆ ಜಗಲಿಯ ಮೇಲೆ ಅವಳು ಅವನ ಪಕ್ಕ ಕೂತಿದ್ದಳು. ಅಜ್ಜನೇ ಹೇಳಿದ. "ನಿನಗೆ ಯಾಕ ಇಷ್ಟು ಸಂಕಟ? ನೀ ಏನು ಸಾಯಿಸ್ತಿಯಾ ನನ್ನ? ನೀ ಬರೀ ಹೇಳಿದಾಕಿ. ಬಸ್ಸು ಬರೋ ಟೈಮು ಹೇಳಿದೋರ್ನ ಬೈತಾರೇನು?" ಅವಳು ಹೂಂ ಅಂದಳು.

ಆಮೇಲೂ ಮಧ್ಯಾಹ್ನದ ಮೋಡ ಸರಿಯಲಿಲ್ಲ, ಬಡಗಲಿಗೆ ತಿರುಗಿದ ನೆರಳು ಅಜ್ಜನ ಕಣ್ಣಿಗೆ ಬೀಳಲೇ ಇಲ್ಲ. ಸೆಪ್ಟೆಂಬರಿನಲ್ಲಿ, ಬಚ್ಚಲ ಹತ್ತಿರ ಮುಖ ತೊಳೆಯುತ್ತ ಬಗ್ಗಿದವನು ಮೇಲೇಳಲಿಲ್ಲ. ಲಕ್ವ. ಆಂಬುಲೆನ್ಸ್‌ನಲ್ಲಿ ದಾವಣಗೆರೆಗೆ ತಂದರು. ನೇತ್ರಾವತಿ ಹಾಸ್ಟೆಲಿನಿಂದ ಬರುವಷ್ಟರಲ್ಲಿ ಮಾತು ನಿಂತಿತ್ತು, ಕಣ್ಣು ಮಾತ್ರ ಅವಳನ್ನು ಹುಡುಕಿ ನಿಂತಿತು. ಡ್ಯೂಟಿಯಲ್ಲಿದ್ದ ಡಾಕ್ಟರು ಇವಳ ವಯಸ್ಸಿನವಳೇ. "ಬಿಪಿ ಮಾತ್ರೆ ತಗೋತಿದ್ರಾ?" ಅಂತ ಕೇಳಿದಳು.

"ಇಲ್ಲ."

"ಎಷ್ಟು ದಿನದಿಂದ?"

"ಏಪ್ರಿಲ್‌ನಿಂದ."

"ಮನೇಲಿ ಓದಿದವ್ರು ಯಾರೂ ಇಲ್ವಾ?"

"ನಾನಿದ್ದೀನಿ," ಅಂದಳು ನೇತ್ರಾವತಿ. ಡಾಕ್ಟರು ಬೈದಳು. ಅವಳು ಪೂರ್ತಿ ಕೇಳಿಸಿಕೊಂಡಳು. ಬೈಗುಳ ಮೈಗೆ ತಾಗಲಿಲ್ಲ.

ಎರಡನೆಯ ದಿನ ಬೊಮ್ಮಣ್ಣ ತೀರಿಕೊಂಡ. ಹೊಲದ ಅಂಚಿನಲ್ಲಿ ಮಣ್ಣು ಮಾಡಿದರು. ಅಪ್ಪ ಹೆಣದ ಮುಂದೆ ಕೂಸಿನಂತೆ ಅತ್ತ. ಇಮಾಮ್ ಸಾಬರು ಹೆಗಲು ಕೊಟ್ಟರು. ನೇತ್ರಾವತಿಯ ಕಣ್ಣಲ್ಲಿ ಹನಿ ನೀರಿಲ್ಲ. "ಕಲ್ಲಾಗೈತೆ ಕೂಸು" ಅಂತ ಯಾರೋ ಅಂದರು. ಇನ್ನೊಬ್ಬರು ದನಿ ತಗ್ಗಿಸಿ, "ಆಕಿಗೆ ಮೊದ್ಲೇ ಗೊತ್ತಿತ್ತಲ್ಲ, ಆಕಿ ಯಾಕ ಅಳ್ತಾಳೆ" ಅಂದರು. "ಆರು ತಿಂಗಳು ಅಂದ್ಲು, ಆರರೊಳಗೇ ಆತು!" ಆರು ತಿಂಗಳು ಅನ್ನುವ ಮಾತನ್ನು ಅವಳು ಯಾವತ್ತೂ ಆಡಿರಲಿಲ್ಲ. ಯಾರಿಗೆ ಹೇಳುವುದು? ಊರಿಗೆ ಊರೇ ಅವಳನ್ನು ಕಂಡರೆ ಸೆರಗು ಸರಿಪಡಿಸಿಕೊಳ್ಳುತ್ತಿತ್ತು.

ಮೂರನೆಯ ದಿನ ಗೋರಿಗೆ ಹಾಲು-ತುಪ್ಪ ಬಿಟ್ಟು ಎಲ್ಲರೂ ಮನೆಗೆ ಬಂದರು. ಮಳೆ ಬಿಡುವು ಕೊಟ್ಟಿತ್ತು. ಬಿಸಿಲು ಬಿದ್ದಿತ್ತು, ಒಳ್ಳೆ ಚುರುಕು ಬಿಸಿಲು, ಒಂದು ತಿಂಗಳು ತಡವಾಗಿ. ಬಕ್ಕೇಶ್ ಮತ್ತು ರುದ್ರಮುನಿ ಸರ್ ಬಂದಿದ್ದರು, ಅವರಿಗೆ ಜಗಲಿಯ ಮೇಲೆ ಚಾಪೆ ಹಾಸಿತ್ತು. ನೇತ್ರಾವತಿ ಅವರಿಗೆ ನೀರು ಕೊಟ್ಟು ಅಂಗಳದಲ್ಲಿ ನಿಂತಿದ್ದಳು.

ಅಂಜಿನವ್ವ ಕೋಲೂರಿಕೊಂಡು ಬಂದವಳು ಮನೆಯೊಳಗೆ ಹೋಗಲಿಲ್ಲ. ಅಂಗಳದ ನಡುವೆ ಬಿಸಿಲಿಗೆ ನಿಂತಳು. ಕೋಲು ಪಕ್ಕಕ್ಕಿಟ್ಟಳು. ಬೆನ್ನು ನೆಟ್ಟಗೆ ಮಾಡಲು ನೋಡಿದಳು, ಆಗಲಿಲ್ಲ, ಆದಷ್ಟು ಮಾಡಿದಳು.

"ನಂದೂ ನೋಡವ್ವ," ಅಂದಳು.

"ಏನಜ್ಜಿ?"

"ನೆರಳು. ಬೊಮ್ಮಣ್ಣಗೆ ಹೇಳಿದಂಗೆ ನನಗೂ ಹೇಳಿಬಿಡು. ನಾನೂ ಬಿಪಿದು ನುಂಗ್ತೀನಿ. ನುಂಗ್ಲೋ ಬಿಡ್ಲೋ ತಿಳೀದಂಗಾಗೈತೆ. ನಿನ್ನೆಯಿಂದ ಬಿಟ್ಟೀನಿ."

ಹಿಂದೆ ಇನ್ನೂ ನಾಲ್ಕೈದು ಜನ ನಿಂತಿದ್ದರು. ಕೈ ಕಟ್ಟಿಕೊಂಡು, ತಮ್ಮ ಸರದಿಗೆ ಕಾಯುವವರಂತೆ. ಜಗಲಿಯ ಮೇಲೆ ಬಕ್ಕೇಶ್ ಏನೋ ಹೇಳಲು ಎದ್ದ. ರುದ್ರಮುನಿ ಸರ್ ಅವನ ತೋಳು ಹಿಡಿದು ಕೂರಿಸಿದರು.

ನೇತ್ರಾವತಿ ನೆಲ ನೋಡಿದಳು. ಆಗಸ್ಟ್ ಕಳೆದಿತ್ತು. ಅಂಜಿನವ್ವನ ನೆರಳು, ಬೇಲಿಯ ನೆರಳು, ಕಟ್ಟಿದ ಕರುವಿನ ನೆರಳು, ಜಗತ್ತಿನ ಆ ಭಾಗದ ಎಲ್ಲ ನೆರಳುಗಳೂ ಬಡಗಲಿಗೆ ಬಿದ್ದಿದ್ದವು. ಇದು ಎಲ್ಲರಿಗೂ ಹೀಗೇ ಅಜ್ಜಿ, ಇದಕ್ಕೂ ಸಾವಿಗೂ ಸಂಬಂಧ ಇಲ್ಲ ಅನ್ನುವ ನಿಜ ಬಾಯಿಯವರೆಗೆ ಬಂತು. ಆ ನಿಜ ಕೇಳಿದರೆ ಮುದುಕಿ ಹೂಂ ಅಂತ ತಲೆಯಾಡಿಸಿ ಮನೆಗೆ ಹೋಗುತ್ತಾಳೆ, ಗುಳಿಗೆಯ ಡಬ್ಬಿ ಮುಟ್ಟುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನಿನ್ನ ನೆರಳು ಬಡಗ್ಲಾಗೆ ಬಿದ್ದೈತಜ್ಜಿ," ಅಂದಳು. "ನಿನಗೆ ಭಾಳ ವರ್ಷ ಐತೆ."

"ಗುಳಿಗಿ?"

"ಇವತ್ತಿಂದ್ಲೇ ನುಂಗು. ಗುಳಿಗಿ ಬಿಟ್ರೆ ತೆಂಕ್ಲಾಗೆ ತಿರುಗ್ತೈತೆ."

ಅಂಜಿನವ್ವ ಕೈ ಮುಗಿದಳು. ಮುಖ ಅರಳಿತು. ಹಿಂದಿದ್ದವನೊಬ್ಬ ಮುಂದೆ ಬಂದ, ಅವನಿಗೆ ಸಕ್ಕರೆ ಕಾಯಿಲೆ; ಅವನಿಗೂ ಅದನ್ನೇ ಹೇಳಿದಳು. ಮತ್ತೊಬ್ಬಳಿಗೂ ಹೇಳಿದಳು. ಸಂಘದ ಕಾರ್ಯದರ್ಶಿ ಸಂಘದ ಅಧ್ಯಕ್ಷನ ಎದುರಿಗೇ ಕಣಿ ಹೇಳುತ್ತಿದ್ದಳು, ಅದೂ ಚೀಟಿ ಹರಿದುಕೊಡುವ ಕಂಡಕ್ಟರಂತೆ, ಒಬ್ಬರಾದ ಮೇಲೆ ಒಬ್ಬರಿಗೆ. ನಾಚಿಕೆ ಆಗಲಿಲ್ಲ. ಏನೂ ಆಗಲಿಲ್ಲ.

ಕೊನೆಯವರು ಹೋದರು ಅಂತ ತಲೆ ಎತ್ತಿದರೆ ಬಿಸಿಲಲ್ಲಿ ಇನ್ನೂ ಒಬ್ಬರು ನಿಂತಿದ್ದರು. ಮೈಲಮ್ಮ. ಒಲೆಯ ಮುಂದಿನಿಂದ ಎದ್ದು ಬಂದಿದ್ದಳು, ಕೈ ಇನ್ನೂ ಒದ್ದೆ ಇತ್ತು. ಬರಿಗಾಲು ಜೋಡಿಸಿ, ಸೆರಗು ಹೊದ್ದು, ನೆಟ್ಟಗೆ ನಿಂತಿದ್ದಳು. ಮಗಳ ಮುಖ ನೋಡಲು ಧೈರ್ಯವಿಲ್ಲದೆ ನೆಲ ನೋಡುತ್ತಿದ್ದಳು.

"ಅವ್ವಾ, ನೀನೂನಾ? ಒಳಗೆ ನಡಿ."

"ನೋಡಿ ಹೇಳೇ," ಅಂದಳು ಮೈಲಮ್ಮ. "ನನಗೂ ಹೆದರಿಕಿ ಆಗ್ತೈತೆ."

ನೇತ್ರಾವತಿ ಬಾಯಿ ತೆರೆದಳು. ಅಷ್ಟು ಜನರಿಗೆ ಹೇಳಿದ ಮಾತು ಅವ್ವನಿಗೆ ಬರಲಿಲ್ಲ. ಮಣ್ಣಿನ ಮೇಲೆ ಬಿದ್ದಿದ್ದ ಆ ಗಿಡ್ಡ ನೆರಳನ್ನು ನೋಡುತ್ತ ನೋಡುತ್ತ ಅವಳ ತುಟಿ ಸೊಟ್ಟಗಾಯಿತು, ಏಪ್ರಿಲ್‌ನಿಂದ ಬಾರದ ಅಳು ಒಮ್ಮೆಲೇ ಬಂತು. ಅಂಗಳದಲ್ಲೇ ಕುಸಿದು, ಅವ್ವನ ಎರಡೂ ಪಾದ ಹಿಡಿದುಕೊಂಡಳು.

"ಇಲ್ಲೇ ಐತವ್ವ," ಅಂದಳು. "ಎಲ್ಲೂ ಹೋಗಿಲ್ಲ. ಇಲ್ಲೇ ಐತೆ."